ಕಾತ್ರಜದ ಇಳುಕಲು

ಸಾಕ್ರಿ ರಾಧಾಬಾಯಿ, ಸಾಕು… ಮೂರನೇ ಭಕ್ರಿ ಬ್ಯಾಡ್ರಿ. ಝುಣಕಾ ಭಾಳ ಛಲೋ ಆಗೇದ, ಅದಕ್ಕಲ್ಲ. ಸೈಕಲ್ ತುಳಿಯಾವ್ರು ಹೊಟ್ಟಿ ತುಂಬ ಉಣಬಾರದು, ಅಷ್ಟ. ಇನ್ನೇನು ನಾ ಹೊರಡಾಂವ. ಸಂಜೀಕ ತಳೇಗಾಂವ ಮುಟ್ಟಬೇಕು, ನಾಡಿದ್ದು ಮುಂಬಯಿ. ಬೆಳಗಾವಿಯಿಂದ ಮುಂಬಯಿತನಕ ಒಬ್ಬಾಂವನ, ಎಂಟು ದಿನದಾಗ. ನಮ್ಮ ಗರಡಿ ತಾಲೀಮಿನವರು ಹಾರಾ ಹಾಕಿ ಕಳಿಸ್ಯಾರ್ರಿ. ನಮ್ಮ ಮಾರ್ತಾಂಡ ಯಾರಿಗೂ ಅಂಜೂ ಪೈಕಿ ಅಲ್ಲ ಅಂತ ಭಾಷಣಾ ಬ್ಯಾರೆ ಮಾಡಿದ್ರು.

ಯಾಕ ನಗ್ತೀರಿ? ತುತ್ತು ಕೈಜಾರಿ ಬಿತ್ತಂತನಾ? ಬಿಸಿಲ್ರಿ ಅದು. ಬಿಸಿಲಾಗ ಹ್ಯಾಂಡಲ್ ಹಿಡದು ಹಿಡದು ಕೈ ಹಿಂಗ ಆಗ್ತಾವು.

ಬಾಗಿಲಾ ಯಾರೋ ಬಡದಂಗಾತಲ್ಲ… ಇಲ್ಲಾ? ಒಂದಿಷ್ಟು ನೋಡ್ರಿ. ಪೊಲೀಸರಲ್ಲಲ್ಲ? ಇಲ್ರಿ, ನಾ ಏನ್ ಮಾಡೀನಿ, ಏನೂ ಮಾಡಿಲ್ಲ. ಸೈಕಲ್ಲಿಗೆ ದೀಪಾ ಇಲ್ಲ. ಪುಣೇದಾಗ ಅದಕ್ಕ ಹಿಡೀತಾರಂತ, ಅದಕ್ಕ ಕೇಳಿದೆ.

ಅಂಗಿ ಮ್ಯಾಲೇನಾ? ಅದು… ಮೊಣಕೈ ಕೆತ್ತೇದರಿ. ಕಾತ್ರಜದಾಗ ಗುಡ್ಡಾ ಕೊರದು ಮಾಡಿದ ಬೋಗದಿ ದಾಟಿದ್ರ ಭಾಳ ಇಳುಕಲು, ಅಲ್ಲೆ ಬಿದ್ದೆ. ಅರಿಷಿಣಾ ಬ್ಯಾಡ್ರಿ. ಇಷ್ಟು ಸಣ್ಣ ಗಾಯಕ್ಕ ಇಷ್ಟು ರಕ್ತಾ ಹೆಂಗ ಅಂತೀರಾ? ನನ್ನ ಮೈಯೊಳಗಿನ ರಕ್ತನ ಹಂಗರಿ, ಜರಾ ಕೆತ್ತಿದ್ರೂ ಸುರೀತದ. ನೀವು ಕೂಡ್ರಿ, ಕೂಡ್ರಿ.

ಈ ನೀರು ಅಂಗಳದಾಗಿನ ಕಲ್ಲಿನ ತೊಟ್ಟೀದಾ? ಕಾತ್ರಜ ಕೆರಿಯಿಂದ ಬರೋ ನೀರಾ? ಪೇಶವೇರು ನೆಲದೊಳಗ ಕಟ್ಟಿಸಿದ ಕಾಲುವಿಯಾಗ ಹರಕೋತ… ಅಲ್ಲಿಂದ ಇಲ್ಲಿತನಕ… ಹಂಗಾದ್ರ ಬ್ಯಾಡ್ರಿ. ತಗೀರಿ ತಂಬಗಿ ಅತ್ತಾಗ. ನೀರಡಿಕಿ ಇಲ್ಲ ನನಗ.

ಗೊತ್ತದರಿ, ನಿಮ್ಮ ಯಜಮಾನ್ರು ಅದ ಕಾಲುವಿ ಕಾಯಾವ್ರು. ಓಣ್ಯಾಗ ಹೇಳಿದ್ರು. ಕಾನಡಿ ಮಾತಾಡೋ ಏಕನಾಥರಾಯರ ಮನಿ ಅಂತ ಕೇಳಿದ ಕೂಡ್ಲೆ, ಅಲ್ಲೇ ರಾಧಾಬಾಯಿ ಇರ್ತಾರ ಹೋಗು ಅಂದ್ರು. ದಿನಾ ಹನ್ನೆರಡಕ್ಕ ಬರ್ತಾರಾ ಅವರು? ಈಗ ಎಷ್ಟಾತ್ರಿ? ಒಂದಾ? ಒಂದು ಹೊಡದ್ಹೋತಾ…

ಅವರು ಬರೋತನಕ ನೀವು ಉಣ್ಣೂದಿಲ್ಲಾ? ಇವತ್ತ ಉಂಡ್ಬಿಡ್ರಿ. ಸುಮ್ನ ಅಂದೆ. ಕೆಲಸಾ ಅಂದ್ಮ್ಯಾಲ ಹೊತ್ತಾಗ್ತದಲ್ಲ, ಕಾಲುವಿಗೆ ಗಾಳಿ ಆಡ್ಲಿಕ್ಕಂತ ನೆಲದ ಮ್ಯಾಲ ಕಟ್ಟಿದ ಗಾಳಿಗಿಂಡಿಯೊಳಗ ಬೇರು ಹೊಕ್ಕಿದ್ರ ಕಿತ್ತಿ ತಗೀಬೇಕು, ಕಲ್ಲು ಮುಚ್ಚಬೇಕು. ಅವರ ಸಂಬಂಧ ಉಪಾಸ ಕೂಡಬ್ಯಾಡ್ರಿ. ನಿಮ್ಮ ಕೈ ಊಟಾ ಉಂಡು ನಮ್ಮವ್ವನ ನೆನಪಾತು ನೋಡ್ರಿ, ಖರೇನ ಅಂಬಕ್ಕಾ, ಅಕಿನೂ ಹಿಂಗ…

ಯಾಕ? ಏನಾತ್ರಿ? ತಾಟು ಯಾಕ ಕೆಳಗಿಟ್ರಿ?

ಏನಂದೆ ನಾ? ರಾಧಾಬಾಯಿ ಅಂದೆ. ಅಂಬಕ್ಕಾ ಅಂದೆನಾ? ಬಾಯಿ ತಪ್ಪಿತು. ಅಲ್ಲ, ಬರಬೇಕಾದ್ರ ಬಾವಿಕಟ್ಟಿ ಹತ್ರ ಯಾರೋ ಹೆಣ್ಣಮಕ್ಕಳು ಅಂಬಾ ಅಂತ ಅಂದಂಗಿತ್ತು. ಇಲ್ಲೇನ್ರಿ? ಈ ವಾಡೇದಾಗ ಯಾರಿಗೂ ಗೊತ್ತಿಲ್ಲಾ? ತವರಮನಿ ಹೆಸರಾ ಅದು…

ನಮ್ಮ ಮನ್ಯಾಗೂ ಅದ ಪದ್ಧತಿ. ಲಗ್ನದಾಗ ಅಕ್ಕಿ ಹರವಿದ ತಾಟಿನೊಳಗ ಗಂಡ ಉಂಗುರದಲೆ ಹೊಸ ಹೆಸರು ಬರೀತಾನ, ಹಳೇ ಹೆಸರು ಅಲ್ಲಿಗೆ ಮುಗೀತು. ನಮ್ಮವ್ವ ಗೋದಾ ಇದ್ದಾಕಿ ರಮಾ ಆದ್ಲು. ಊರಿಗೆಲ್ಲಾ ರಮಾಬಾಯಿ. ಅಪ್ಪಗ ಜ್ವರಾ ತಲಿಗೇರಿ ಮೈಮ್ಯಾಲ ಎಚ್ಚರಿಲ್ಲದಾಗ ಒಂದ ಸಲ ಗೋದಾ, ಗೋದಾ ಅಂತ ಕರದ. ನಾವು ಹುಡುಗ್ರು, ಯಾರೀಕಿ ಗೋದಾ ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ವಿ.

ನಿಮ್ಮನ್ನೂ ಅಂಬಾ ಅಂತ ಈ ಊರಾಗ ಕರಿಯಾವ್ರು ಒಬ್ಬರ. ಹೌದಲ್ರಿ?

ಹಂಗ ನೋಡಬ್ಯಾಡ್ರಿ. ಹೇಳ್ತೀನಿ. ನನಗ ಮುಂಜಾನಿಯಿಂದ ಭಾಳ ಅಂಜಿಕಿ ಆಗೇದ… ಹೇಳ್ತೀನಿ.

ಬೋಗದಿ ದಾಟಿ ಇಳೀಲಿಕ್ಕತ್ತಿದ್ದೆ. ಬ್ರೇಕ್ ಹಿಡೀಲಿಲ್ಲ. ತಿರುವಿನಾಗ ನಿಮ್ಮ ಯಜಮಾನ್ರು ರಸ್ತೆ ದಾಟ್ಲಿಕ್ಕತ್ತಿದ್ರು, ಹೆಗಲ ಮ್ಯಾಲ ಸಲಿಕಿ ಇತ್ತು. ಒದರಿದೆ. ಮರಾಠಿಯೊಳಗ ಒದರಬೇಕಾಗಿತ್ತು. ಜೀವಾ ಹೋಗೋ ಹೊತ್ತಿನ್ಯಾಗ ಎಲ್ಲಿ ಮರಾಠಿ ಬರಬೇಕ್ರಿ, ಸರೀರೀ, ಸರೀರೀ ಅಂತ ನಮ್ಮ ಮಾತ ಬಂತು. ಬ್ಯಾರೆ ಯಾರರ ಇದ್ದಿದ್ರ ಗದ್ದಲಕ್ಕ ಹಾರಿ ದಂಡಿಗಾಗ್ತಿದ್ರು. ಇವರು ಕನ್ನಡಾ ಕೇಳಿ ನಿಂತ್ರು, ಅಕ್ಕಾ. ನಡು ರಸ್ತೆದಾಗ ನಿಂತು, ನಮ್ಮವರು ಯಾರು ಅಂತ ತಿರುಗಿ ನೋಡಿದ್ರು.

ಅಲ್ಲೇ ಹೋಗಿಬಿಟ್ರು. ಒಂದು ಕ್ಷಣದಾಗ. ಕಲ್ಲಿಗೆ ತಲಿ ಬಡೀತು, ಒಂದ ಮಾತಿಲ್ಲ, ಹೋಗಿಬಿಟ್ರು. ನನ್ನ ಕೈಯಾಗ ಏನೂ ಇರಲಿಲ್ಲ. ಡಾಕ್ಟರ್ ಬಂದಿದ್ರೂ ಏನೂ ಮಾಡ್ತಿದ್ದಿಲ್ಲ.

ಅಳ್ರಿ ಅಕ್ಕಾ. ಯಾಕ ಅಳವೊಲ್ರಿ? ಬಯ್ರಿ ನನ್ನ, ಕಟಗಿ ತೊಗೊಂಡು ಹೊಡೀರಿ, ನಾ ಬ್ಯಾಡ ಅನ್ನೂದಿಲ್ಲ. ಏನರ ಅನ್ರಿ. ಹಂಗ ಸುಮ್ನ ನನ್ನ ಬಾಯಿ ಕಡೆ ಯಾಕ ನೋಡ್ತೀರಿ?

ಒಂದ ಮಾತಿಲ್ಲ ಅಂದೆ ನಾ…

ಒಂದ ಮಾತಿಲ್ಲದ ಹೋದವರು ಅಂಬಾ ಅಂತ ಹೆಂಗ ಹೇಳಿದ್ರು. ಅದನ್ನಲ್ಲ ನೀವು ಕೇಳ್ಲಿಕ್ಕತ್ತಿದ್ದು.

ಮಾತಾಡಿದ್ರು. ಸುಳ್ಳು ಹೇಳಿದೆ ಅಕ್ಕಾ, ಜೀವ ಇತ್ತು. ಕಾಲು ಮುರದಿತ್ತು, ತಲಿಯಿಂದ ರಕ್ತಾ ಸುರೀತಿತ್ತು, ಆದ್ರ ಎಚ್ಚರಿತ್ತು. ಯಾವೂರ ತಮ್ಮಾ ಅಂತ ಕೇಳಿದ್ರು. ಎಳಕೊಂಡು ಹೋಗಿ ರಸ್ತೆ ಕೆಳಗ, ಗಾಳಿಗಿಂಡಿ ಕಟ್ಟಿಗೆ ಒರಗಿಸಿ ಕೂಡಿಸಿದೆ. ನೆರಳಿನ್ಯಾಗ ಇರ್ರಿ ಅಂದೆ. ನೆರಳಿಗಲ್ಲ, ಹೋಗೋ ಬರೋ ಮಂದಿಗೆ ಕಾಣಬಾರದಂತ. ನಾ ಏಕನಾಥ, ಸದಾಶಿವ ಪೇಠದಾಗ ನಮ್ಮ ಮನಿ ಅದ, ಅಂಬಾಗ ಹೇಳು, ಇಬ್ಬರೂ ಕೂಡಿ ಟಾಂಗಾ ತೊಗೊಂಡು ಬರ್ರಿ ಅಂದ್ರು. ಆಗ ಒಂಬತ್ತೂ ಆಗಿರಲಿಲ್ಲ.

ದಾರ್ಯಾಗ ಪೊಲೀಸ ಚೌಕಿ ಬಂತು. ನನಗ ಫಾಸಿ ಆಗ್ತದ ಅನಸ್ತು. ದವಾಖಾನಿ ಬಂತು, ಅದನ್ನೂ ದಾಟಿದೆ. ನಿಮ್ಮ ಓಣಿ ಐದಾರು ಸಲ ಸುತ್ತಿದೆ. ಹೇಳಬೇಕಂತನ ಬಾಗಿಲಾ ಬಡದೆ, ನನ್ನಾಣಿ. ನೀವು, ಬಾ ತಮ್ಮಾ, ಬಿಸಿಲಾಗ ಬಂದಿ ಅಂತ ಕಾಲಿಗೆ ನೀರು ಕೊಟ್ರಿ, ತಾಟು ಹಾಕಿದ್ರಿ. ನಾ ಕೂತು ಉಂಡೆ. ಉಂಡು, ಹಂಗ ಮುಂಬಯಿಗೆ ಓಡಿಹೋಗಬೇಕಂತ ಮಾಡಿದ್ದೆ.

ಏಳ್ರಿ ಅಕ್ಕಾ, ಕೈ ಹಿಡೀರಿ ನನ್ನ. ಓಣಿ ಮೂಲ್ಯಾಗ ಟಾಂಗಾ ಅವ, ಕರೀತೀನಿ. ಜಾಗಾ ನನಗ ಗೊತ್ತದ, ಬ್ಯಾರೆ ಯಾರಿಗೂ ಸಿಗೂದಿಲ್ಲ. ನಾಲ್ಕು ತಾಸಾತು, ಆದ್ರೂ… ಲಗೂನ ನಡೀರಿ ಅಕ್ಕಾ. ನಾ ಸೈಕಲ್ ಹತ್ತಬೇಕಾದ್ರ ಅವರು ನನ್ನ ಕೈ ಒತ್ತಿ ಹಿಡದ್ರು. ನಮ್ಮ ಕಡೆ ಹುಡುಗನ ಸಿಕ್ಕಿ, ಇನ್ನ ನನಗೇನೂ ಚಿಂತಿಲ್ಲ ಅಂದ್ರು.