ಎಡಗಡೆ ಹಿಂದಿನ ಬಾಗ್ಲು

ಜಕ್ಕನಹಳ್ಳಿ ದಾಟಿ ನಾಗಮಂಗಲದ ಕಡೆ ಬರೋವಾಗ ರಸ್ತೆ ಪಕ್ಕ ಒಂದು ಆಲದಮರ ಐತೆ, ನೋಡಿದ್ದೀರಲ್ಲ? ಅದರ ಬುಡದಲ್ಲೊಂದು ಮೆಟ್ಟಿಲ ಬಾವಿ. ಹಗಲೊತ್ತು ಕುರಿ ಕಾಯೋರು ಕುಂತಿರ್ತಾರೆ. ಕತ್ತಲಾದ್ಮೇಲೆ ಯಾರೂ ಕೂರಕ್ಕಿಲ್ಲ. ನಮ್ಮ ಎದುರುಮನೆ ರವೀಂದ್ರನ ಕಾರು ಕೆಟ್ಟು ನಿಂತಿದ್ದು ಅಲ್ಲೇ. ಬಾನೆಟ್ಟಿಂದ ಬುಸ್ಸ್… ಅಂತ ಹಬೆ. ಆಮೇಲೆ ಬಿಸಿ ಕಬ್ಬಿಣ ಆರೋ ಸದ್ದು. ಟಿಂಗ್… ಟಿಂಗ್… ಬೇರೆ ಏನೂ ಇಲ್ಲ.

ಈ ರವೀಂದ್ರ ಎಂಥೋನು ಅಂತ ಮೊದಲು ಹೇಳ್ಬುಡ್ತೀನಿ. ಕೊಬ್ಬರಿ ವ್ಯಾಪಾರ ಮಾಡ್ಕಂಡು ನೆಟ್ಟಗಿದ್ದ. ಎಲ್ಲಿಂದ ಅಂಟ್ತೋ ಈ ರೋಗ, ಅಮೆರಿಕದ ಹಳೇ ಕಾರಿನ ಹುಚ್ಚು ಹಿಡೀತು. ಅವರಪ್ಪ ಸೈಕಲ್ಲು ತುಳ್ಕಂಡು ಸಂತೆಗೆ ಹೋಗ್ತಿದ್ದೋನು. ಮಗನಿಗೆ ಅವರಪ್ಪನಷ್ಟೇ ವಯಸ್ಸಾಗಿರೋ ಪ್ಲಿಮತ್ ಕಾರು ಬೇಕಾಯ್ತು. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನಂತೆ. ಇವ್ನು ಕಾರು ಹಿಡ್ಕಂಡ.

ಅದು ಸಿಕ್ಕಿದ್ದು ಬಿಂಡಿಗನವಿಲೇಲಿ, ಕಮ್ಮಾರರ ಚಿಕ್ಕಸ್ವಾಮಿ ಹಿತ್ತಲಲ್ಲಿ. ಮೇಲೆ ತೆಂಗಿನ ಗರಿ, ಒಳಗೆ ಕೋಳಿ ಕಾವಿಗೆ ಕುಂತಿತ್ತು. ಒಂದು ಕಾಲದಲ್ಲಿ ಚಿಕ್ಕಸ್ವಾಮಿ ಅಪ್ಪ ಅದನ್ನ ಬಾಡಿಗೆಗೆ ಓಡಿಸ್ತಿದ್ದನಂತೆ. ನಾಕು ಬಾಗ್ಲಲ್ಲಿ ಎಡಗಡೆ ಹಿಂದಿನದ್ದಕ್ಕೆ ಮಾತ್ರ ಮೇಲಿಂದ ಕೆಳಗಿನ ತನಕ ವೆಲ್ಡಿಂಗ್ ಹೊಡ್ದು ಮುಚ್ಚಿತ್ತು.

“ಏನಾರಾ ಮಾಡ್ಕಳ್ಳಿ ಸ್ವಾಮಿ. ಆ ಬಾಗ್ಲು ಮಾತ್ರ ಬುಟ್ಬುಡಿ,” ಅಂದ ಚಿಕ್ಕಸ್ವಾಮಿ.

ಯಾಕೆ ಅಂದಿದ್ದಕ್ಕೆ ದನಿ ತಗ್ಗಿಸಿ ಹೇಳ್ದ. ಅವರ ಕಡೆ ಒಂದು ಪದ್ಧತಿ. ದೂರದಿಂದ ಹೆಣಾನ ಗಾಡೀಲಿ ತಂದ್ರೆ, ಮನೆ ಮುಂದೆ ಬಾಗ್ಲು ತೆಗ್ದು ‘ಮನೆ ಬಂತು, ಇಳಿಯವ್ವ’ ಅಂತ ಬಾಯ್ಬುಟ್ಟು ಕರೀಬೇಕು. ಕರೀದಿದ್ರೆ ಹೆಣ ಇಳೀತದೆ, ಸತ್ತೋರು ಇಳಿಯಕ್ಕಿಲ್ಲ. ಅವರಪ್ಪನ ಕಾಲದಲ್ಲಿ ಮೈಸೂರಾಸ್ಪತ್ರೆಯಿಂದ ಒಬ್ಬ ಸೊಸೇನ ಹಿಂದಿನ ಸೀಟಲ್ಲಿ ಮಲಗಿಸ್ಕಂಡು ತಂದ್ರಂತೆ. ದಾರೀಲೆ ಜೀವ ಹೋಗಿತ್ತು. ಮನೆ ಮುಂದೆ ತೌರೋರಿಗೂ ಗಂಡನ ಮನೆಯೋರಿಗೂ ಜಗಳ. ಆ ಗಲಾಟೇಲಿ ಹೆಣ ಎಳ್ಕಂಡೋಗಿ ಸುಟ್ರು. ಬದುಕಿದ್ದಾಗ್ಲೇ ಅವಳನ್ನ ಒಳ್ಳೇ ಮಾತಲ್ಲಿ ಕರೆದೋರಿಲ್ಲ, ಸತ್ತಮೇಲೆ ಯಾರು ಕರೀತಾರೆ? ಆವತ್ತಿಂದ ಕತ್ತಲಾದ್ರೆ ಆ ಬಾಗ್ಲು ತಾನೇ ತೆಗ್ಯೋದು, ತಾನೇ ಮುಚ್ಕಳ್ಳೋದು. ಚಿಕ್ಕಸ್ವಾಮಿ ಅಪ್ಪ ತಡೀಲಾರ್ದೆ ವೆಲ್ಡಿಂಗ್ ಹೊಡ್ದ.

ರವೀಂದ್ರ ಹಲ್ಲು ಬುಟ್ಟ. ಅವನ ಹೆಂಡ್ತಿ ಪ್ರಮೀಳಾ ಪಕ್ಕದಲ್ಲೇ ನಿಂತು ಎಲ್ಲಾ ಕೇಳಿಸ್ಕಂಡಿದ್ಲು. “ಅದೊಂದು ಬಾಗ್ಲು ಅಂಗೇ ಇರ್ಲಿ ಬುಡ್ರಿ,” ಅಂದ್ಲು.

“ಒರಿಜಿನಲ್ ಅಂದ್ರೆ ಒರಿಜಿನಲ್ ಕಣೆ. ಕತ್ತೆಗೇನು ಗೊತ್ತು ಕಸ್ತೂರಿ ವಾಸ್ನೆ,” ಅಂದ ಮಹಾನುಭಾವ.

ಈ ಒರಿಜಿನಲ್ ಅನ್ನೋದೇ ಅವನ ಮನೆದೇವರು. ಆಮೇಲಿನ ಕಾಲದಲ್ಲಿ ಯಾರು ಏನು ಸೇರಿಸಿದ್ರೂ ಕಿತ್ತೆಸೆದ. ಸ್ಟೇರಿಂಗಿಗೆ ಕಟ್ಟಿದ್ದ ತಾಮ್ರದ ತಂತಿ ಹೋಯ್ತು. ಒಳ್ಳೇ ಕನ್ನಡಿ ಕಿತ್ತು, ಆ ಕಾಲದ್ದೇ ಬೇಕು ಅಂತ ಎಲ್ಲಿಂದಲೋ ತರಿಸಿ ಹಾಕ್ದ. ಅದ್ರಲ್ಲಿ ನೋಡಿದ್ರೆ ಗಂಡಸೋ ಹೆಂಗಸೋ ಗೊತ್ತಾಗಕ್ಕಿಲ್ಲ, ಅಷ್ಟು ಮಬ್ಬು. ಕೊನೆಗೆ ಗ್ರೈಂಡರ್ ಹಿಡ್ದು ಕಿರ್ರ್… ಅಂತ ಆ ವೆಲ್ಡಿಂಗೂ ಕೊಯ್ದ. ಎಣ್ಣೆ ಬಿಟ್ಟ. ಬಾಗ್ಲು ಟಕ್ ಅಂತ ತೆಗೀತು. ಮದುವೆ ದಿನವೂ ಅಷ್ಟು ನಗದಿದ್ದೋನು ಆವತ್ತು ನಕ್ಕ.

ಕಾರು ಕೆಟ್ಟು ನಿಂತ ಆ ಭಾನ್ವಾರ ಮೈಸೂರಲ್ಲಿ ಹಳೇ ಕಾರುಗಳ ಪ್ರದರ್ಶನ. ಇವ್ನಿಗೊಂದು ಬಹುಮಾನದ ಕಪ್ಪು ಕೊಟ್ರು. ಬಂದಿದ್ದೋರಿಗೆಲ್ಲ ಕೊಟ್ಟಿದ್ರು, ಅದು ಬೇರೆ ಮಾತು. ವಾಪಸ್ ಬರೋವಾಗ ಆ ಕಪ್ಪನ್ನ ಮುಂದಿನ ಸೀಟಲ್ಲಿ ತನ್ನ ಪಕ್ಕ ಕೂರಿಸ್ಕಂಡ. ಹೆಂಡ್ತೀನ ಹಿಂದಕ್ಕೆ ಕಳ್ಸಿದ. ಶ್ರೀರಂಗಪಟ್ಣ ಆಯ್ತು, ಪಾಂಡವಪುರ ಆಯ್ತು, ಜಕ್ಕನಹಳ್ಳಿ ದಾಟೋ ಹೊತ್ಗೆ ಕತ್ತಲು. ಆಲದಮರದ ತಾವ ರೇಡಿಯೇಟರ್ ಕುದ್ದು ಕಾರು ನಿಂತೇ ಬುಡ್ತು.

“ಕ್ಯಾನು ತಗಂಡೋಗಿ ಬಾವಿಯಿಂದ ನೀರು ತತ್ತಾ,” ಅಂದ.

“ಈ ಕತ್ಲಲ್ಲಾ? ನೀವೂ ಬನ್ರೀ.”

“ಬಿಳೀ ಪ್ಯಾಂಟು ಕಣೆ.”

ಪ್ರಮೀಳಾ ಒಬ್ಳೇ ಮೆಟ್ಟಿಲಿಳಿದು ಹೋದ್ಲು. ತಂದ್ಲು, ಹುಯ್ದ. “ಇನ್ನೊಂದ್ಸಲ ತುಂಬ್ಕಂಡು ಬಾ, ದಾರೀಲಿ ಬೇಕಾಯ್ತದೆ,” ಅಂತ ಮತ್ತೆ ಕಳ್ಸಿ ಒಳಗೆ ಕುಂತು ಎಂಜಿನ್ ಸ್ಟಾರ್ಟ್ ಮಾಡ್ದ. ಗುಡು ಗುಡು ಗುಡು… ಕಣ್ಮುಚ್ಚಿ ಆ ಸದ್ದು ಕೇಳ್ತಾ ಕುಂತ. ಸಂಗೀತ ಕಚೇರಿ ಅನ್ಕಂಡಿದ್ನೋ ಏನೋ.

ಆಗ ಹಿಂದೆ… ಟಕ್. ಬಾಗ್ಲು ತೆಗೀತು. ಸೀಟಿನ ಸ್ಪ್ರಿಂಗು ಕ್ರೀಂ… ಅಂತು. ದಪ್. ಮುಚ್ಕಂತು.

“ಕುಂತ್ಯಾ?”

“ಊಂ…”

ಗೇರು ಹಾಕಿ ಹೊರಟ. ತಿರುಗಿ ನೋಡ್ಲಿಲ್ಲ. ಹೆಂಡ್ತೀನ ಏನು ನೋಡೋದು? ನೋಡೋದಿದ್ರೆ ಟೆಂಪರೇಚರ್ ಮುಳ್ಳು ನೋಡ್ಬೇಕು. ದಾರಿ ಉದ್ದಕ್ಕೂ ಕಾರ್ಬೊರೇಟರ್ ಪುರಾಣ ಕೊರೆದ. ಹಿಂದಿನೋಳು ಸುಮ್ನೆ ಕೇಳ್ತಾ ಇದ್ಲು. ಸ್ವಲ್ಪ ದೂರ ಹೋದ್ಮೇಲೆ ಪಿಸುದನೀಲಿ ಕೇಳಿದ್ಲು.

“ಮನೆ ಬಂತಾ…”

“ಬರ್ತದೆ ತಡಿ.”

ಮತ್ತೆ ಸ್ವಲ್ಪ ಹೊತ್ತಿಗೆ… “ಮನೆ ಬಂತಾ…”

“ನಾಗಮಂಗಲ ಏನು ಓಡೋಯ್ತದಾ? ಸುಮ್ನೆ ಕೂರು.” ಗಂಟ್ಲು ಯಾಕೆ ಕಟ್ಟೈತೆ ಅಂತಾನೂ ಕೇಳ್ಲಿಲ್ಲ. ಬಾವಿ ನೀರಿನ ತಂಡಿ ಅನ್ಕಂಡ.

ಮನೆ ಮುಂದೆ ಕಾರು ನಿಲ್ಸಿದ. ಹಿಂದೆ ಅಲ್ಲಾಡಾಟ ಇಲ್ಲ. ಹೊಟ್ಟೆ ಬೇರೆ ಹಸಿದಿತ್ತು. ಕೆಳಗಿಳಿದು ಆ ಎಡಗಡೆ ಬಾಗ್ಲು ತೆಗ್ದು, ಮುಖ ಸಿಂಡರಿಸ್ಕಂಡು, ಎಲ್ಲೋ ನೋಡ್ತಾ ಅಂದ. “ಮನೆ ಬಂತು. ಇಳಿಯವ್ವ ತಾಯಿ.”

ಅಂದು ಬಾನೆಟ್ಟಿನ ಧೂಳು ಒರೆಸೋಕೆ ಬಗ್ಗಿದ. ಸ್ಪ್ರಿಂಗು ಕ್ರೀಂ… ಅಂತು. ಬರಿಗಾಲಿನ ಸದ್ದು. ಪಟ್… ಪಟ್… ಪಟ್… ಹೊಸಲು ದಾಟಿ ಒಳಕ್ಕೋಯ್ತು.

ಒರೆಸಿ ಮುಗಿಸಿ ಒಳಗೆ ಬಂದ್ರೆ ಅವರವ್ವ ಸೋಮಮ್ಮ ಟೀವಿ ಮುಂದೆ ಕುಂತಿದ್ಲು. ಕಣ್ಣು ಅಷ್ಟಕ್ಕಷ್ಟೆ. “ಏನ್ಲಾ, ಜಗಳ ಆಡ್ಕಂಡು ಬಂದ್ರಾ? ಮಾತೂ ಆಡ್ದೆ ಅಡುಗೆಮನೆಗೆ ಹೋದ್ಲು,” ಅಂದ್ಲು.

“ಊಟಕ್ಕಿಕ್ಕೆ,” ಅಂತ ಅಲ್ಲಿಂದಲೇ ಕೂಗಿದ ರವೀಂದ್ರ. ಒಳಗೆ ತಟ್ಟೆ ತೆಗೆದ ಸದ್ದು. ಟಣ್…

ಅದೇ ಹೊತ್ಗೆ ಹಾಲಿನ ಟೆಂಪೋ ಬಂದು ಬಾಗ್ಲಲ್ಲಿ ನಿಂತ್ಕಂತು. ಓಡಿಸ್ತಿದ್ದೋನು ನಿಂಗರಾಜು, ನಮ್ಮ ಚಿಕ್ಕಪ್ಪನ ಮಗ. “ರವಿಯಣ್ಣ, ಏನಣ್ಣಾ ನೀನು… ಅಕ್ಕನ್ನ ಬಾವಿ ತಾವ ಬುಟ್ಟು ಬಂದ್ಬುಟ್ಟಿದ್ದೀಯಲ್ಲ!”

ಟೆಂಪೋದಿಂದ ಪ್ರಮೀಳಾ ಇಳಿದ್ಲು. ಕೈಲಿ ನೀರಿನ ಕ್ಯಾನು. ಫೋನು ಕಾರಲ್ಲೇ ಉಳ್ಕಂಡಿತ್ತು. ಕತ್ಲಲ್ಲಿ ಕೂಗಿ ಕೂಗಿ ಗಂಟ್ಲು ಬಿದ್ದಿತ್ತು.

ರವೀಂದ್ರ ಒಂದ್ಸಲ ಅವಳ ಕಡೆ, ಒಂದ್ಸಲ ಅಡುಗೆಮನೆ ಕಡೆ ನೋಡ್ದ. ಒಳಗಿಂದ ಇನ್ನೊಂದ್ಸಲ… ಟಣ್.

“ಯಾರದು ಒಳಗೆ?” ಪ್ರಮೀಳಾ ಮೆಲ್ಲಗೆ ಕೇಳಿದ್ಲು.

“ನೀನೇ… ಅನ್ಕಂಡೆ. ಹಿಂದೆ ಕುಂತಿದ್ದೆಯಲ್ಲ…”

“ತಿರುಗಿ ನೋಡ್ಲಿಲ್ವಾ?”

ರವೀಂದ್ರ ತಲೆ ತಗ್ಗಿಸಿ ಪ್ಯಾಂಟಿನ ಧೂಳು ಕೊಡವ್ದ.

“ಇಳಿ ಅಂದ್ಯಾ? ಮನೆ ಬಂತು ಇಳಿ ಅಂತ, ಬಾಯ್ಬುಟ್ಟು ಅಂದ್ಯಾ?”

“…ಅಂದೆ.”

ಪ್ರಮೀಳಾ ಕ್ಯಾನಿನ ನೀರು ಅಷ್ಟೂ ಅವನ ಬಿಳೀ ಪ್ಯಾಂಟಿನ ಮೇಲೆ ಹುಯ್ದ್ಲು. ಗಂಡನಿಗೆ ಕೊಡ್ತಿದ್ದ ಬಹುವಚನ ಆವತ್ತಿಗೇ ಮುಗೀತು. ನಿಂಗರಾಜು ಅಲ್ಲೇ ಇದ್ದ, ಅವನೇ ನನಗೆ ಹೇಳಿದ್ದು. ಧೈರ್ಯ ಮಾಡಿ ಅವ್ನೂ ಪ್ರಮೀಳಾನೂ ಅಡುಗೆಮನೆಗೆ ಹೋಗಿ ಲೈಟು ಹಾಕಿದ್ರೆ ಯಾರೂ ಇಲ್ಲ. ಮಣೆ ಹಾಕಿತ್ತು. ತಟ್ಟೆ ಇಟ್ಟಿತ್ತು. ಒಂದೇ ತಟ್ಟೆ. ಗಂಡಸಿಗೆ ಇಟ್ಟಂಗಿರ್ಲಿಲ್ಲ, ಒಲೆ ಪಕ್ಕ ಮೂಲೇಲಿ, ಎಲ್ಲಾರೂ ಉಂಡ್ಮೇಲೆ ಸೊಸೆ ಕುಂತು ಉಣ್ಣೋ ಜಾಗದಲ್ಲಿತ್ತು.

ಮಾರನೇ ದಿನ ರವೀಂದ್ರ ಬಿಂಡಿಗನವಿಲೆಗೆ ಓಡ್ದ, ಕಾರಲ್ಲಲ್ಲ, ಬಸ್ಸಲ್ಲಿ. ಚಿಕ್ಕಸ್ವಾಮಿ ಮೊದಲು ಹೊಟ್ಟೆ ತುಂಬಾ ನಕ್ಕ. “ಅವ್ಳನ್ನ ಕರೆದೋನು ನೀನೊಬ್ನೇ ಕಣಪ್ಪ. ಯಾರ ಮನೆ ಮುಂದೆ ಕರೆದ್ಯೋ ಅದೇ ಅವ್ಳ ಮನೆ,” ಅಂದ. ಬಾಗ್ಲಿಗೆ ಮತ್ತೆ ವೆಲ್ಡಿಂಗ್ ಹೊಡಿ ಅಂತ ಕಾಲು ಹಿಡ್ದ ಇವ್ನು. “ಇಳಿದು ಹೋದ್ಮೇಲೆ ಬಾಗ್ಲು ಮುಚ್ಚಿ ಏನ್ ಮಾಡ್ತೀಯ?” ಅಂದ ಅವ್ನು.

ಈಗ ಆ ಮಹಾನುಭಾವ ಮನೇಲಿ ಮಲಗಕ್ಕಿಲ್ಲ. ಶೆಡ್ಡಲ್ಲಿ, ಕಾರಿನ ಸೀಟಿನ ಮೇಲೆ, ಕಾಲು ಮಡಚ್ಕಂಡು ಮಲಗ್ತಾನೆ. ಪೂಜಾರೀನ ಕರೆಸಿ ಓಡಿಸೋಣ ಅಂದಿದ್ದಕ್ಕೆ ಪ್ರಮೀಳಾ ಏನಂದ್ಲು ಗೊತ್ತಾ? “ಅವ್ಳು ಇರ್ಲಿ. ಬೇಕಾದ್ರೆ ನೀನು ಹೋಗು.”

ನಂಬದಿದ್ರೆ ಬುಡಿ, ನಿಮ್ಮಿಷ್ಟ. ಆದ್ರೆ ನಮ್ಮ ಜಗಲಿ ಮೇಲೆ ನಿಂತ್ರೆ ಅವರ ಬಾಗ್ಲು ಎದುರಿಗೇ ಕಾಣ್ತದೆ. ದಿನಾ ಬೆಳಿಗ್ಗೆ ಎಲ್ಲಾರೂ ಏಳೋದ್ರೊಳಗೆ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲೆ ಬುಟ್ಟಿರ್ತದೆ. ಎಳೆ ಎಳೆಯಾಗಿ, ಹಳೇ ಕಾಲದ್ದು. ಸೋಮಮ್ಮನ ಮಂಡಿ ಬಗ್ಗಕ್ಕಿಲ್ಲ. ಪ್ರಮೀಳಾಗೆ ರಂಗೋಲೆ ಬಿಡೋಕೆ ಬರಕ್ಕಿಲ್ಲ. ಇವತ್ತು ಬೆಳಿಗ್ಗೇನೂ ಇತ್ತು.