ಉಗ್ರಾಣದಾಗ ಬೀಸೂ ಸಪ್ಪಳ

ಕಂದೀಲು ಸ್ವಲ್ಪ ಸಣ್ಣ ಮಾಡ್ರಿ... ಹಾಂ, ಅಷ್ಟು ಸಾಕು. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಮಗ್ಗಲ ಮನಿ ಪ್ರಹ್ಲಾದಗ ಆದದ್ದು. ಅವನ ಬಾಯಿಲೇನ ಕೇಳಿದ್ದು.

ಸ್ವಾತಂತ್ರ್ಯ ಬಂದ ಮರು ವರ್ಷದ ಮಾತು. ನಿಜಾಮನ ಸೀಮ್ಯಾಗ ರಜಾಕಾರರ ಹಾವಳಿ ತಾಳಲಾರದ ಮಂದಿ ತುಂಗಭದ್ರಾ ದಾಟಿ ಈ ಕಡೆ ಓಡಿ ಬಂದಿದ್ರು. ಶಿಗ್ಗಾಂವಿಯಿಂದ ಸವಣೂರಿಗೆ ಹೋಗೂ ಹಾದ್ಯಾಗ ಒಂದು ಹಳೇ ಹತ್ತಿ ಜಿನ್ನು, ಅಂದ್ರ ಅರಳಿ ಬಿಡಸೂ ಕಾರಖಾನಿ, ಇತ್ತು. ಅದರಾಗ ಅವರನ್ನ ಇಟ್ಟಿದ್ರು. ಛಾವಣಿ ಅಂತಿದ್ರು ಅದಕ್ಕ. ಪ್ರಹ್ಲಾದ ಅಲ್ಲಿ ಕಾರಕೂನ. ಬಂದವರ ಹೆಸರು ಬರಕೊಳ್ಳೋದು, ಯಾವ ಮನಿಗೆ ಎಷ್ಟು ಜೋಳ ಅಂತ ಕೊಡಿಸೋದು, ಕಂಬಳಿ, ಔಷಧ, ಸೌದಿ ಬೇಕಾದ್ರ ಮ್ಯಾಲಿನ ಕಚೇರಿಗೆ ಕಾಗದ ಹಾಕೋದು ಅವನ ಕೆಲಸ. ಇನ್ನೊಂದು ಕೆಲಸಾನೂ ಇತ್ತು. ಸತ್ತವರ ಹೆಸರು ಹೊಡದು ಹಾಕೋದು.

ಮೊದಮೊದಲು ಒಂದು ಹೆಸರು ಹೊಡದ್ರ ಅವತ್ತು ಊಟ ಸೇರತಿರಲಿಲ್ಲ. ಆಮ್ಯಾಲ ಕಾಲರಾ ಬಿತ್ತು. ದಿನಾ ಹೊಡದು ಹೊಡದು ಅವನ ಎದಿ ಮರಗಟ್ಟಿ ಹೋತು. ಒಂದು ದಿನ ಅವರವ್ವ ಕೃಷ್ಣಾಬಾಯಿ ಸಾರಿಗೆ ಉಪ್ಪು ಹಾಕೋದ ಮರತಿದ್ಲು. ಅವ ಸುಮ್ಮನ ಉಂಡು ಎದ್ದ. "ಉಪ್ಪಿಲ್ಲಲ್ಲೋ ಪಲ್ಲಣ್ಣಾ, ಹೇಳಬಾರದ?" ಅಂದ್ರ, "ಇಲ್ಲೇನು?" ಅಂದ. ಅಷ್ಟ.

ಒಂದು ರಾತ್ರಿ ಕೆಲಸ ಮುಗಿಸಿ ಮನಿಗೆ ಹೊಂಟಿದ್ದ. ಅಮಾಸಿ ಸಮೀಪ. ಜಿನ್ನಿನ ಹೊರಗ ಒಂದು ಆಲದ ಮರ, ಅದರ ಬುಡಕ ಬಾವಿ. ಕಾಲರಾ ಬಂದಾಗಿಂದ ಬಾವಿಗೆ ಹಲಗಿ ಹೊಡದು ಮುಚ್ಚಿದ್ರು. ಮರದ ಕೆಳಗ ಬಂದ... ಕಾಲು ನಿಂತವು.

ಗರ್ರ್... ಗರ್ರ್... ಗರ್ರ್...

ಬೀಸೂ ಕಲ್ಲಿನ ಸಪ್ಪಳ. ನಡುನಡುವ ಕಲ್ಲಿನ ಬಾಯಿಗೆ ಕಾಳು ಹಾಕಿದಾಗ ಅದು ಭಾರಾಗಿ ತಡವರಿಸತದಲ್ಲ... ಗುರ್ಕ್... ಹಂಗ. ಮತ್ತ ಗರ್ರ್... ಗರ್ರ್...

ಛಾವಣಿಯ ಉಗ್ರಾಣದ ಕಡೆಯಿಂದ ಬರಾಕತ್ತಿತ್ತು. ಬೀಸೂ ಸಪ್ಪಳಕ್ಕ ಹೆದರೋದೇನು ಅಂತೀರಿ? ಕೇಳ್ರಿ. ಆ ಛಾವಣ್ಯಾಗ ಬೀಸೂ ಕಲ್ಲು ಅನ್ನೋದ ಇರಲಿಲ್ಲ.

ಅದ ಅಲ್ಲಿಯ ದೊಡ್ಡ ತ್ರಾಸು. ಸರಕಾರ ಕೊಡೋದು ಇಡೀ ಜೋಳ. ಜೀವ ಉಳಿಸಿಕೊಂಡು ಓಡಿ ಬಂದವರು ಕಲ್ಲು ಹೊತಗೊಂಡು ಬರತಾರೇನು? ಊರ ಗಿರಣಿ ಎಣ್ಣಿ ಸಿಗಲಾರದ ಬಂದ್ ಬಿದ್ದಿತ್ತು. ಊರ ಮಂದಿ ಕಾಲರಾಕ್ಕ ಹೆದರಿ ಇವರನ್ನ ಕಟ್ಟಿ ಹತ್ತಿಸತಿರಲಿಲ್ಲ. ಹಿಂಗಾಗಿ ಕಾಳ ಕುದಿಸಿಕೊಂಡು ತಿನ್ನಬೇಕು. ಗಟ್ಟಿ ಇದ್ದವರು ಅರಗಿಸಿಕೊಂಡ್ರು. ಹುಡುಗರು, ಮುದುಕರು... ಅವರ ಹೆಸರು ಪ್ರಹ್ಲಾದ ಹೊಡೀತಿದ್ದ.

ಉಡಚವ್ವ ಅಂತ ಒಬ್ಬ ಮುದುಕಿ. ದಿನಾ ಅವನ ಮೇಜಿನ ಮುಂದ ಬಂದು ನಿಂದರತಿದ್ಲು. ಬಗಲಾಗ ಮೊಮ್ಮಗ, ಹಾಲುಗೂಸು. ಮಗ ಸೊಸಿ ಎಲ್ಲಿ ಅಂದ್ರ ಹೊಳಿ ಕಡೆ ಕೈ ಮಾಡತಿದ್ಲು.

"ಒಂದು ಬೀಸೂ ಕಲ್ಲು ಕೊಡಸ್ರಿ ಕಾರಕೂನರ. ಕೂಸಿಗೆ ಹಲ್ಲಿಲ್ರಿ."

"ಕಾಗದ ಹಾಕೇನಿ ಯವ್ವಾ. ಮಂಜೂರಿ ಬಂದಿಲ್ಲ."

ಸುಳ್ಳಲ್ಲ. ಕಾಗದ ಹಾಕಿದ್ದ, ಮತ್ತ ಮತ್ತ ಹಾಕಿದ್ದ. ಮ್ಯಾಲಿನವರು ಒಮ್ಮೆ ಎಷ್ಟು ಕಲ್ಲು ಅಂತ ಕೇಳಿದ್ರು, ಒಮ್ಮೆ ಯಾವ ಖರ್ಚಿನಾಗ ಹಾಕಬೇಕು ಅಂತ ಕೇಳಿದ್ರು. ಅಷ್ಟರಾಗ ಉಡಚವ್ವ ಇದ್ದ ನಾಕು ಹಲ್ಲಿಲೆ ಕಾಳು ಅಗಿದು ಅಗಿದು ಕೂಸಿನ ಬಾಯಿಗೆ ಹಾಕಿದ್ಲು. ಒಂದು ಮುಂಜಾನೆ ಆಕಿನೂ ಹೋದ್ಲು. ಸಂಜೀಕ ಪ್ರಹ್ಲಾದ ಆಕಿ ಹೆಸರು ಹೊಡದ. ಏನೂ ಅನಸಲಿಲ್ಲ. ಕೂಸನ್ನ ಮಗ್ಗಲದಾಗ ಇದ್ದ ಸರೋಜವ್ವ ಎತಗೊಂಡ್ಲು.

ಇದಾಗಿ ನಾಕೈದು ದಿನಕ್ಕ ಈ ಸಪ್ಪಳ.

ಹಿಂದ ಹೋಗಿ ನೋಡಿದನ? ಇಲ್ಲ. ಸ್ವಲ್ಪ ಹೊತ್ತು ನಿಂತ... ಕೇಳಿದ... ಮನಿಗೆ ಹೋಗಿ ಮಲಗಿದ. ಹೆದರಿಕಿ ಬರೋ ಜಾಗಾನೂ ಮರಗಟ್ಟಿತ್ತು ನೋಡ್ರಿ ಅವಂದು.

ಮರುದಿನ ಉಗ್ರಾಣ ಕಾಯೂ ಇಸಾಕ ಓಡಿ ಬಂದ. ಸವಣೂರ ಹುಡುಗ. ಕಾಲರಾದಾಗ ಸತ್ತವರನ್ನ ಯಾರೂ ಮುಟ್ಟಲಾರದಾಗ ತಾನ ಹೆಗಲು ಕೊಟ್ಟಾವ.

"ರಾಯರ... ಇಲ್ನೋಡ್ರಿ. ಇದು ಜೋಳದ ಚೀಲ ಅಲ್ರಿ?"

ಚೀಲದ ಹೊಲಿಗಿ ಹಾಕಿದ್ದು ಹಾಕಿದಂಗ ಇತ್ತು. ಅಂಚಿನಿಂದ ಬಿಳೇ ಪುಡಿ ಉದರಾಕತ್ತಿತ್ತು. ಹೊಲಿಗಿ ಬಿಚ್ಚಿದ್ರು. ತುಂಬ ಹಿಟ್ಟು. ತೂಕಕ್ಕ ಹಾಕಿದ್ರು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮಿಲ್ಲ. ಪ್ರಹ್ಲಾದ ಒಳಗ ಕೈ ಹಾಕಿದ. ಹಿಟ್ಟು ಬೆಚ್ಚಗಿತ್ತು... ಆಗಿಂದಾಗ ಕಲ್ಲಿನ ಬಾಯಿಂದ ಬಿದ್ದ ಹಿಟ್ಟು ಇರತದಲ್ಲ, ಹಂಗ.

ಸುದ್ದಿ ಹಬ್ಬಿತು. ಛಾವಣಿ ಕಮಿಟಿಯ ಹಿರೇ ಮನಶ್ಯಾ ಶಿದ್ಲಿಂಗಪ್ಪ ಬಂದ. ಚೀಲ ನೋಡಿದ, ಇಸಾಕನ್ನ ನೋಡಿದ.

"ಇದರಾಗ ದೆವ್ವ ಎಲ್ಲಿಂದ ಬಂತು? ಛಲೋ ಜೋಳ ಮಾರಿ ಯಾವದೋ ಹಿಟ್ಟು ತುಂಬಿಟ್ಟಾನ. ರಜಾಕಾರರಿಗೆ ಹೆದರಿ ಬಂದ ಮಂದಿ ನಡುವ ಸಾಬರಾವನ್ನ ಕಾವಲು ಇಟ್ಟದ್ದ ತಪ್ಪು. ನಾಳೆ ಪೋಲೀಸರಿಗೆ ಹಿಡದು ಕೊಡೂಣು."

ಸುತ್ತ ನಿಂತವರು ಯಾರೂ ಅಲ್ಲ ಅನ್ನಲಿಲ್ಲ. ಇಸಾಕ ತಲಿ ಕೆಳಗ ಹಾಕಿ ನಿಂತ.

ಪ್ರಹ್ಲಾದ ಹೇಳಿದ, "ಇವತ್ತು ರಾತ್ರಿ ಉಗ್ರಾಣದಾಗ ನಾ ಮಲಗತೇನಿ. ಇಸಾಕನ್ನ ನಿಮ್ಮ ಮನಿ ಕಟ್ಟಿ ಮ್ಯಾಲ ಮಲಗಿಸಿಕೊಳ್ರಿ. ಹೊರಗಿಂದ ಕೀಲಿ ಹಾಕಿ ಕೀಲಿಕಾಯಿ ನೀವ ಒಯ್ರಿ."

ಹಂಗ ಮಾಡಿದ್ರು.

ಒಳಗ ಗೋಣಿಚೀಲದ ವಾಸನಿ. ಇಲಿ ಓಡ್ಯಾಡೂ ಸಪ್ಪಳ... ಪರಪರ... ಪರಪರ. ತಗಡಿನ ಮಾಡು ಥಂಡಿಗೆ ಟಣ್ ಅಂತಿತ್ತು. ಪ್ರಹ್ಲಾದ ಒಂದು ಚೀಲಕ್ಕ ಬೆನ್ನು ಹಚ್ಚಿ ಕುಂತ. ಕಂದೀಲಿನ ಎಣ್ಣಿ ತೀರಿ ದೀಪ ಚಿಟಚಿಟ ಅಂದು ಆರಿತು. ಹಚ್ಚಲಿಕ್ಕ ಏಳಲಿಲ್ಲ.

ಇಲಿ ಸಪ್ಪಳ ಗಕ್ಕನ ನಿಂತಿತು.

ಆಮ್ಯಾಲ... ಮೂಲಿಯೊಳಗ...

ಗರ್ರ್... ಗರ್ರ್... ಗುರ್ಕ್... ಗರ್ರ್...

ಮುಖದ ಮ್ಯಾಲ ಏನೋ ನವಿರಾಗಿ ಬಂದು ಕೂಡಾಕತ್ತಿತು. ತುಟಿ ನೆಕ್ಕಿದ. ಹಿಟ್ಟು.

ಸಪ್ಪಳ ನಿಂತಿತು.

"ಕಾರಕೂನರ... ಎಚ್ಚರ ಅದೀರೇನ್ರಿ?"

"ಹೂಂ."

"ಕೂಸಿಗೆ ಹಲ್ಲಿಲ್ರಿ."

ನೋಡ್ರಿ, ಇಂಥಾದ್ರಾಗ ನಾವಾಗಿದ್ರ ಬಾಗಲ ಬಡದು ಚೀರತಿದ್ದಿವಿ. ದೇವರ ಹೆಸರು ತಗೀತಿದ್ದಿವಿ. ಅವ ಏನಂದ ಗೊತ್ತೇನು? ದಿನಾ ಹಗಲಿನ್ಯಾಗ ಅಂದದ್ದನ್ನ ಅಂದ.

"ಕಾಗದ ಹಾಕೇನಿ ಯವ್ವಾ. ಮಂಜೂರಿ ಬಂದಿಲ್ಲ."

ದನ್ಯಾಗ ಸಿಟ್ಟಿಲ್ಲ, ಅಳು ಇಲ್ಲ. ಆಕಿ ಸಾವಕಾಶ ಅಂದ್ಲು,

"ಹಂಗಾರ ನಾ ಬೀಸತೇನಿ ಬಿಡ್ರಿ."

ಗರ್ರ್... ಗರ್ರ್... ಬೆಳಕು ಹರಿಯೂತನಕ.

ಆ ಮಾತಿಗೆ ತನಗ ಹೆದರಿಕಿ ಆತು ಅಂತ ಹೇಳತಿದ್ದ ಪ್ರಹ್ಲಾದ. ದೆವ್ವ ಮಾತಾಡಿದ್ದಕ್ಕಲ್ಲ. ಸತ್ತಾಕಿಗೂ ತಾ ಅದ ಉತ್ರ ಕೊಟ್ನಲ್ಲ ಅಂತ.

ಮುಂಜಾನೆ ಶಿದ್ಲಿಂಗಪ್ಪ ಇಸಾಕನ್ನ ಮುಂದ ಮಾಡಿಕೊಂಡು ಬಂದು ಕೀಲಿ ತಗದ. ಪ್ರಹ್ಲಾದನ ತಲಿ, ಹುಬ್ಬು, ಮೀಸಿ ಎಲ್ಲಾ ಬೆಳ್ಳಗ. ಮೂಲ್ಯಾಗ ಇನ್ನೊಂದು ಚೀಲ ಹಿಟ್ಟಾಗಿತ್ತು. ಶಿದ್ಲಿಂಗಪ್ಪ ಅದರಾಗ ಕೈ ಹಾಕಿದ... ಸುಟ್ಟವರಂಗ ಹಿಂದ ತಕ್ಕೊಂಡ. ಪೋಲೀಸರ ಸುದ್ದಿ ಮತ್ತ ತಗೀಲಿಲ್ಲ.

"ಇಸಾಕ," ಅಂದ ಪ್ರಹ್ಲಾದ. "ಚಕ್ಕಡಿ ಹೂಡು. ನಿಮ್ಮೂರಾಗ ಬೀಸೂ ಕಲ್ಲು ಕೇಳಿ ತರೂಣು."

"ಮಂಜೂರಿ?" ಅಂದ ಶಿದ್ಲಿಂಗಪ್ಪ, ಮೆಲ್ಲಕ.

"ಬಂದಾಗ ಬರ್ಲಿ."

ಸವಣೂರಾಗ ಇಸಾಕನ ತಾಯಿ ಮರಿಯಮಬಿ ಎಲ್ಲಾ ಕೇಳಿದ್ಲು. ಬೀಸಾಕತ್ತಿದ್ದ ಹಿಟ್ಟು ಬಳದು ತಗದು, ಕಲ್ಲು ತಾನ ಉರುಳಿಸಿಕೊಂಡು ಬಂದು ಚಕ್ಕಡಿ ಗಾಲಿಗೆ ತಾಕಿಸಿ ನಿಲ್ಲಿಸಿದ್ಲು. "ನಾವು ಮಗ್ಗಲ ಮನ್ಯಾಗ ಬೀಸಕೋತೇವಿ. ಒಯ್ರಿ ರಾಯರ." ಆ ಓಣ್ಯಾಗ ಒಬ್ಬರನ್ನ ನೋಡಿ ಒಬ್ಬರು ಕೊಟ್ರು. ಹೊತ್ತು ಮುಳುಗೂದ್ರಾಗ ಚಕ್ಕಡಿ ಅಚ್ಚು ಕಿರಗುಟ್ಟಕೋತ ಛಾವಣಿಗೆ ಬಂತು.

ಕಲ್ಲು ಎಲ್ಲಿಂದ ಬಂದಾವ ಅಂತ ಗೊತ್ತಾಗಿ ಕೆಲವರು ಹಿಂದ ಸರದ್ರು. ಸರೋಜವ್ವ ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡು ಮೊದಲ ಕಲ್ಲಿಗೆ ಕುಂತ್ಲು. ಆಕಿ ಬೀಸೂದು ನೋಡಿ ಇನ್ನೊಬ್ಬಾಕಿ ಕುಂತ್ಲು. ಅವತ್ತು ರಾತ್ರಿ ಇಡೀ ಜಿನ್ನು ಗರಗರ ಅಂತಿತ್ತು. ಉಗ್ರಾಣ ಮಾತ್ರ ಸುಮ್ಮನಿತ್ತು. ಆಮ್ಯಾಲ ಎಂದೂ ಅಲ್ಲಿಂದ ಸಪ್ಪಳ ಬರಲಿಲ್ಲ.

ಪರವಾನಗಿ ಇಲ್ಲದ ಕಲ್ಲು ಯಾಕ ತಂದಿ, ಎರಡು ಚೀಲ ಹಿಟ್ಟು ಎಲ್ಲಿಂದ ಬಂತು ಅಂತ ಕಚೇರಿಯವರು ಪ್ರಹ್ಲಾದನ್ನ ಕರಸಿ ಕೇಳಿದ್ರು. "ಬೀಸ್ಯಾರ್ರಿ," ಅಂದ. ಯಾರು ಅಂದ್ರ ಬಾಯಿ ಬಿಡಲಿಲ್ಲ. ಕೆಲಸ ಹೋತು. ಮುಂದ ಹಿರೇಕೆರೂರಾಗ ಒಬ್ಬ ಹತ್ತಿ ವ್ಯಾಪಾರಿ ಕಡೆ ಲೆಕ್ಕ ಬರದು ಹೊಟ್ಟಿ ಹೊರಕೊಂಡ. ಕೂಸು ಉಳೀತು. ಸರೋಜವ್ವನ ಕೂಡ ಹೊಳಿ ಆಚೆ ಹೋದಾಗ ಅದಕ್ಕ ಕೆಳಗ ಎರಡು ಹಲ್ಲು ಮೂಡಿದ್ದವು.

ಸಪ್ಟಂಬರದಾಗ ಹೈದರಾಬಾದಿನ ಗದ್ದಲ ಮುಗದು ಛಾವಣಿ ಎತ್ತಿದ್ರು. ಜಿನ್ನಿನ ಮಾಲಕಗ ಜಾಗ ಒಪ್ಪಿಸಬೇಕು. ಇಸಾಕ ಪ್ರಹ್ಲಾದಗ ಹೇಳಿ ಕಳಿಸಿದ. ಇಬ್ಬರೂ ಕೂಡಿ ಉಗ್ರಾಣದ ಮೂಲ್ಯಾಗಿನ ಉಳದ ಚೀಲ ಸರಿಸಿದ್ರು.

ಕೆಳಗ ಮಣ್ಣಿನ ನೆಲ. ಅದರಾಗ ಗುಂಡಾನ ಒಂದು ತಗ್ಗು, ಅಂಗೈಯಂಗ ನುಣ್ಣಗ. ವರ್ಷಾನುಗಟ್ಲೆ ಕಲ್ಲು ಕುಂತ ಜಾಗದಾಗ ಆಗತದಲ್ಲ, ಅಂಥಾದು. ಅದರ ಮಗ್ಗಲ ಮನಶ್ಯಾರು ಕುಂತು ಕುಂತು ಸವದ ಗುರುತು. ಬೀಸೂವಾಗ ಹೆಣ್ಮಕ್ಕಳು ಒಂದು ಕಾಲು ಚಾಚಿರತಾರಲ್ಲ, ಆ ಹಿಮ್ಮಡದ ಗೀರು ಸೈತ ಇತ್ತು.

ಈ ಕಡೆ ಒಂದು. ಎದುರಿಗೆ, ಆ ಕಡೆ, ಇನ್ನೊಂದು.

ಸುಳ್ಳಂದ್ರ ಇಸಾಕನ್ನ ಕೇಳ್ರಿ, ಅವನೂ ನೋಡ್ಯಾನ. ಆ ರಾತ್ರಿ ಪ್ರಹ್ಲಾದ ಕೇಳಿದ್ದು ಒಬ್ಬಾಕಿ ದನಿ. ಹಂಗಾರ ಎದುರಿಗೆ ಕುಂತು ಬೀಸಿದಾಕಿ ಯಾರು?