ಕೆಂಪು ಪಟ್ಟಿಯ ಸೀಟುಗಳು

ಕರೆಂಟ್ ಹೋದದ್ದು ಒಳ್ಳೆಯದೇ ಆಯಿತು, ಹತ್ತಿರ ಬನ್ನಿ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಫಿಲ್ಟರ್ ಕಾಫಿ ಸೇರದಿರಲಿ. ಇಡೀ ವೆಸ್ಟ್ ಮಾಂಬಲಂ ಬಡಾವಣೆಯಲ್ಲಿ ನನ್ನಷ್ಟು ಗುಂಡಿಗೆಯವನು ಇನ್ನೊಬ್ಬನಿಲ್ಲ. ಅಂಥ ನಾನೇ ಅವತ್ತು... ಇರಲಿ, ಮೊದಲಿಂದ ಹೇಳುತ್ತೇನೆ.

ನನ್ನ ತಂಗಿ ಮಗಳು ಪ್ರಣಮ್ಯಾ, ಗೊತ್ತಲ್ಲ, ಯೂನಿವರ್ಸಿಟಿಯಲ್ಲಿ ವಿಜ್ಞಾನಿ. ಕೊರೊನಾದ ಎರಡನೇ ಅಲೆ ಇಳಿದಿತ್ತು. ಕ್ಯಾಂಪಸ್ ಮತ್ತೆ ತೆರೆಯಲು ವಿಜ್ಞಾನಿಗಳದೇ ಒಂದು ಸಮಿತಿ, ಇವಳೂ ಅದರಲ್ಲಿ. ಭಾರೀ ಬುದ್ಧಿವಂತರಪ್ಪ! ಯಾರು ಕೆಮ್ಮಿದರೆ ಯಾರಿಗೆ ಹತ್ತುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಲೆಕ್ಚರ್ ಹಾಲಿನಲ್ಲಿ ಒಂದು ಬಿಟ್ಟು ಒಂದು ಸೀಟಿಗೆ ಕೆಂಪು ಪಟ್ಟಿ ಅಂಟಿಸಿದರು. ಅಲ್ಲಿ ಯಾರೂ ಕೂರಬಾರದು. ಕಿಟಕಿ ಸದಾ ತೆರೆದಿರಬೇಕು ಅಂತ ನಿಯಮ ಮಾಡಿದರು. ಆಮೇಲೆ ಉದ್ಘಾಟನೆಗೆ ಚೆಂದ ಕಾಣಲಿ ಅಂತ ಗೋಡೆ, ಕಿಟಕಿಗಳಿಗೆಲ್ಲ ಬಣ್ಣ ಹೊಡೆಸಿದರು. ಮುಚ್ಚಿದ ಕಿಟಕಿಗೆ! ಬಣ್ಣ ಒಣಗಿ ಕಿಟಕಿ ಬಾಗಿಲುಗಳು ಚೌಕಟ್ಟಿಗೆ ಅಂಟಿಕೊಂಡವು. ಒಂದಾದರೂ ತೆರೆಯಬೇಕಲ್ಲ!

ಪ್ರಣಮ್ಯಾ ಬಾಯಿ ಬಾಯಿ ಬಡಿದುಕೊಂಡಳು. "ನಮ್ಮ ಲೆಕ್ಕದಲ್ಲಿ ಕಿಟಕಿ ತೆರೆದೇ ಇದೆಯಲ್ಲಮ್ಮ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕು" ಅಂದರಂತೆ ಅಧ್ಯಕ್ಷರು. ಹಾಕಿದರೆ ಮಕ್ಕಳು ಆ ಡಬ್ಬಿಯೊಳಗೆ ಕೂರಬೇಕು. ಹಾಕದಿದ್ದರೆ ಕೊನೆಯ ವರ್ಷದವರಿಗೆ ಲ್ಯಾಬ್ ಇಲ್ಲ, ಇನ್ನೊಂದು ವರ್ಷ ನೀರುಪಾಲು. ಅತ್ತ ದರಿ, ಇತ್ತ ಪುಲಿ.

ಅವತ್ತು ರಾತ್ರಿ ಅವಳನ್ನು ಕರೆತರಲು ಸ್ಕೂಟರಿನಲ್ಲಿ ನಾನೇ ಹೋಗಿದ್ದೆ. ಕ್ಯಾಂಪಸ್ಸಿನ ಆಲದ ಮರದ ಕೆಳಗೆ ನಡೆದು ಬರುತ್ತಿದ್ದೆವು. ಒಂದು ನಾಯಿಯೂ ಇಲ್ಲ. ಕಾಲಡಿ ಒಣ ಎಲೆ... ಚರಕ್. ಚರಕ್. ಅವಳು ತಟ್ಟನೆ ನಿಂತಳು.

"ಮಾವ, ಮೀಟರ್ ಆ ಲೆಕ್ಚರ್ ಹಾಲ್‌ನಲ್ಲೇ ಉಳೀತು."

"ನಾಳೆ ತಗೊಂಡ್ರಾಯ್ತು ಬಾ."

"ನಾಳೆ ಸಮಿತಿಯವರೇ ಎತ್ತಿ ಬಚ್ಚಿಡ್ತಾರೆ. ಯಾಕೆ, ಹೆದರಿಕೆನಾ?"

"ನನಗಾ? ಹೆದರಿಕೆಗೇ ನನ್ನ ಕಂಡ್ರೆ ಹೆದರಿಕೆ!"

ಮೀಟರ್ ಅಂದರೆ, ಕೋಣೆಯಲ್ಲಿ ಜನ ಬಿಟ್ಟ ಉಸಿರು ಎಷ್ಟು ತುಂಬಿದೆ ಅಂತ ತೋರಿಸುವ ಪುಟ್ಟ ಪೆಟ್ಟಿಗೆ. ಖಾಲಿ ಕೋಣೆಯಲ್ಲಿ ನಾನೂರರ ಆಸುಪಾಸು ಇರಬೇಕು. ವಾಚ್‌ಮನ್ ಬೀಗ ತೆಗೆದ, ತಮಿಳಿನಲ್ಲೇ ಹೇಳಿದ: "ಉಳ್ಳೆ ಯಾರುಮೇ ಇಲ್ಲೆ, ಮೇಡಂ." ಒಳಗೆ ಯಾರೂ ಇಲ್ಲ, ಮಧ್ಯಾಹ್ನದಿಂದ ಬೀಗವೇ ತೆಗೆದಿಲ್ಲವಂತೆ.

ಕತ್ತಲಲ್ಲಿ, ಮೇಷ್ಟರ ಮೇಜಿನ ಮೇಲೆ, ಅಂಕಿ ಕೆಂಪಗೆ ಹೊಳೆಯುತ್ತಿತ್ತು.

ಎರಡು ಸಾವಿರ.

"ಕೆಟ್ಟಿರಬೇಕು..." ಅಂದೆ, ಪಿಸುದನಿಯಲ್ಲಿ.

"ಶ್... ಕೇಳಿ."

ಟಿಕ್. ಪೆನ್ನಿನ ಕ್ಯಾಪ್. ಕಿರ್ರ್... ಬೆಂಚು. ಆಮೇಲೆ ತುಂಬ ಜನ ಒಟ್ಟಿಗೆ ಉಸಿರು ಬಿಟ್ಟ ಹಾಗೆ... ಹುಸ್ಸ್ಸ್. ಅಂಕಿ ಏರಿತು. ಮತ್ತೂ ಏರಿತು.

"ಯಾರದು?" ಅಂದಳು ಪ್ರಣಮ್ಯಾ.

ಸದ್ದೆಲ್ಲ ನಿಂತಿತು. ಅಂಕಿಯೂ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದ ಹಾಗೆ... ಆಮೇಲೆ ಕಿಟಕಿಯ ಕಡೆಯಿಂದ ಟಕ್. ಟಕ್. ಟಕ್. ಬೆರಳ ಗೆಣ್ಣಿನಿಂದ ಗಾಜು ಬಡಿಯುವ ಸದ್ದು. ಹೊರಗಿನಿಂದಲ್ಲ... ಒಳಗಿನಿಂದ.

ನಾನೇನೂ ಓಡಲಿಲ್ಲ. ಸ್ಕೂಟರ್ ಸ್ಟಾರ್ಟ್ ಮಾಡಿಡೋಣ ಅಂತ ಸ್ವಲ್ಪ ಬೇಗ ನಡೆದೆ, ಅಷ್ಟೇ. ವಾಚ್‌ಮನ್ ನನಗಿಂತ ಮುಂದಿದ್ದ. ಪ್ರಣಮ್ಯಾ ಮಾತ್ರ ಮೊಬೈಲ್ ಬೆಳಕು ಹಾಕಿ, ಬೆಂಚುಗಳ ಫೋಟೊ ತೆಗೆದು, ಮೀಟರ್ ಹಿಡಿದುಕೊಂಡೇ ಬಂದಳು.

ಮರುದಿನ ಮೀಟರನ್ನೂ ಫೋಟೊವನ್ನೂ ಸಮಿತಿಯ ಮುಂದಿಟ್ಟು, "ಮೊದಲು ಕಿಟಕಿ, ಆಮೇಲೆ ಸಹಿ" ಅಂದಳು. ಅಧ್ಯಕ್ಷರ ಮುಖ ಸುಣ್ಣದ ಹಾಗಾಯಿತು. ತಕ್ಷಣ ಬಡಗಿಯನ್ನು ಕರೆಸಿ, ಉಳಿ ಹಾಕಿಸಿ, ಕಿಟಕಿಗಳನ್ನೆಲ್ಲ ಬಿಡಿಸಿದರು.

ಆ ಫೋಟೊ ನಾನೇ ನೋಡಿದ್ದೇನೆ. ಬಣ್ಣದವರು ಗೋಡೆ ಉಜ್ಜಿದ ಬಿಳಿ ಪುಡಿ ಬೆಂಚುಗಳ ಮೇಲೆಲ್ಲ ದಪ್ಪಗೆ ಕೂತಿದೆ. ಕೆಂಪು ಪಟ್ಟಿಯ ಸೀಟುಗಳ ಮೇಲೆ ಮಾತ್ರ ಇಲ್ಲ. ಒಂದರ ಮೇಲೂ ಇಲ್ಲ... ಯಾರೋ ಕೂತು ಎದ್ದ ಹಾಗೆ ಚೊಕ್ಕಟ.

ನಗಬೇಡಿ. ನಡೆದದ್ದು ನಡೆದ ಹಾಗೇ ಹೇಳಿದ್ದೇನೆ. ಕಾಫಿಯ ಆಣೆ ಇಟ್ಟಿದ್ದೇನಲ್ಲ, ಅದಕ್ಕೇ ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆ ಬಡಗಿಯ ಕಥೆ ನಾನು ಕಟ್ಟಿದ್ದು. ಬಡಗಿ ಬರಲೇ ಇಲ್ಲ, ಕಿಟಕಿ ತೆರೆಯಲೇ ಇಲ್ಲ. ಸಮಿತಿಯವರು ಮೀಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಪ್ರಣಮ್ಯಾಳ ಜಾಗದಲ್ಲಿ ಬೇರೆಯವರ ಸಹಿ ಹಾಕಿಸಿ, ಸೋಮವಾರ ರಿಬ್ಬನ್ ಕತ್ತರಿಸಿದರು.